ಹಾರುವ ಯಂತ್ರಕ್ಕೆ ಹನ್ನೊಂದು ಷರತ್ತು

ನಾನು: ಹಾರಲಿ. ಹಾರಬೇಡ ಅಂತ ನಾನೆಲ್ಲಿ ಅಂದೆ? ಬೀಳೋದು ಬೇಡ, ಅಷ್ಟೇ.

ಸಂಕೇತ್: ಬೀಳದೆ ಹೇಗೆ ಮಾಲು? ಅದು ಕಾಮಿಡಿ. ಆರು ನಿಮಿಷದ ಫಿಲ್ಮಲ್ಲಿ ಐದೂವರೆ ನಿಮಿಷ ಅವನು ಬೀಳೋಕೇ ರೆಡಿ ಆಗ್ತಿರ್ತಾನೆ.

ನಾನು: ಐದೂವರೆ ನಿಮಿಷಕ್ಕೆ ನಿಲ್ಲಿಸ್ಲಿ. ಎಲ್ಲಾ ಮಕ್ಕಳೂ ಸಾಲಾಗಿ ನಿಂತು ಕೈ ಮುಗಿದು ಮನೆಗೆ ಬರ್ಲಿ.

ಸಂಕೇತ್: ಅವನು ಚಾವಣಿ ತುದೀಲಿ ಒಂಟಿಕಾಲಲ್ಲಿ ನಿಂತಿರ್ತಾನೆ. ಅಲ್ಲಿಗೆ ಪರದೆ ಎಳೆದ್ರೆ ಅದು ಕಾಮಿಡಿ ಅಲ್ಲ, ಪೊಲೀಸ್ ಕೇಸು.

ಅವನು ಅಂದದ್ದು ನಿಜವೇ. ನಮ್ಮ ಹಾಲಿನ ಟಿವಿಯಲ್ಲಿ ಉದ್ದ ಟೋಪಿಯ, ದಪ್ಪ ಮೀಸೆಯ ಒಬ್ಬ ಮನುಷ್ಯ ಚಾವಣಿಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ. ಕಪ್ಪು-ಬಿಳುಪು, ಮಾತಿಲ್ಲ, ನೂರು ವರ್ಷಕ್ಕೂ ಹಳೆಯದು. ಸೈಕಲ್ಲಿಗೆ ಬೆಡ್‌ಶೀಟಿನ ರೆಕ್ಕೆ, ಎರಡು ಛತ್ರಿ, ಒಂದಿಷ್ಟು ಹಗ್ಗ ಕಟ್ಟಿ ಅದನ್ನೇ ಹಾರುವ ಯಂತ್ರ ಅಂತ ನಂಬಿಕೊಂಡವನು. ನಾನು ಪಾಜ್ ಬಟನ್ ಒತ್ತಿದ್ದರಿಂದ ಪಾಪ ಇಪ್ಪತ್ತು ನಿಮಿಷದಿಂದ ಹಾಗೇ ಇದ್ದ.

ಟೀಪಾಯಿಯ ಮೇಲೆ ಶಾಲೆಯ ಪತ್ರ. ಬರುವ ಶುಕ್ರವಾರ ಇಯರ್ ವನ್, ಅಂದರೆ ಒಂದನೇ ಕ್ಲಾಸಿನ ಮಕ್ಕಳು ಅಸೆಂಬ್ಲಿಯಲ್ಲಿ ಈ ಫಿಲ್ಮನ್ನೇ ನಾಟಕ ಮಾಡಿ ತೋರಿಸುತ್ತಾರೆ. ಚಾವಣಿಗೆ ಬದಲು ಟೇಬಲ್, ಅವನು ಬೀಳುವ ಕೊಳಕ್ಕೆ ಬದಲು ನೀಲಿ ಮ್ಯಾಟ್, ಗಾಳಿಗೆ ಒಂದು ದೊಡ್ಡ ಫ್ಯಾನ್. ಹಾರುವ ಮನುಷ್ಯ ನಮ್ಮ ಆರು ವರ್ಷದ ಪ್ರಕೃತಿ. ಒಪ್ಪಿಗೆ ಇದ್ದರೆ ಸಹಿ ಮಾಡಿ ಸೋಮವಾರ ಬೆಳಿಗ್ಗೆ ಕಳಿಸಬೇಕು. ಕೆಳಗೆ ‘ನಿಮ್ಮ ಆತಂಕಗಳೇನಾದರೂ ಇದ್ದರೆ’ ಎಂದು ಎರಡು ಬೆರಳಗಲದ ಜಾಗ. ಅಷ್ಟು ಜಾಗದಲ್ಲಿ ಯಾರ ಆತಂಕ ಹಿಡಿಯುತ್ತದೋ ನನಗೆ ಗೊತ್ತಿಲ್ಲ.

ಸಂಕೇತ್ ಉತ್ತರದ ಕಬ್ಬಿಣದ ಗಣಿಯಲ್ಲಿ ಎಂಜಿನಿಯರ್. ಎರಡು ವಾರ ಅಲ್ಲಿ, ಒಂದು ವಾರ ಎಲೆನ್‌ಬ್ರೂಕ್ ಎಂಬ ಪರದೇಶದ ಬಡಾವಣೆಯ ಈ ಮನೆಯಲ್ಲಿ. ಸೋಮವಾರ ಬೆಳಗಿನ ಜಾವ ಅವನ ವಿಮಾನ. ಪ್ರಕೃತಿ ಎದುರು ಸಾಲಿನ ನಮಿತಾ ಮನೆಗೆ ಆಡಲು ಹೋಗಿದ್ದಳು. ಅವಳು ಬರುವುದರೊಳಗೆ ತೀರ್ಮಾನ ಆಗಬೇಕಿತ್ತು.

ಸಂಕೇತ್: ನೋಡು, ನಮ್ಮವಳು ನಿಲ್ಲೋದು ಚಾವಣಿ ಮೇಲಲ್ಲ. ಟೇಬಲ್ ಮೇಲೆ. ಅರವತ್ತು ಸೆಂಟಿಮೀಟರ್. ಈ ಸೋಫಾದ ತೋಳಿಗಿಂತ ಗಿಡ್ಡ. ಇಲ್ಲಿಂದ ದಿನಾ ಧುಮುಕ್ತಾಳೆ.

ನಾನು: ದಿನಾನಾ? ಯಾವಾಗ?

ಸಂಕೇತ್: ಅಂದ್ರೆ... ನೀನು ಸ್ನಾನಕ್ಕೆ ಹೋದಾಗ.

ನಾನು: ನೀನು ನೋಡ್ತಾ ಕೂತಿರ್ತೀಯ?

ಸಂಕೇತ್: ನೋಡ್ತಾ ಅಲ್ಲ. ಒನ್ ಟೂ ತ್ರೀ ಹೇಳೋಕೆ ಒಬ್ರು ಬೇಕಲ್ಲ.

ನಾನು: ಸಂಕೇತ್.

ಸಂಕೇತ್: ಕಾರ್ಪೆಟ್ ಇದೆ ಮಾಲು.

ನಾನು: ಇನ್ಮೇಲೆ ಬಾತ್‌ರೂಮ್ ಬಾಗಿಲು ತೆಗೆದಿಟ್ಕೊಂಡೇ ಸ್ನಾನ ಮಾಡ್ತೀನಿ.

ಸಂಕೇತ್: ಅದೆಲ್ಲಾ ಬಿಡು. ರಾಜ್ಯೋತ್ಸವ ನೆನಪಿದ್ಯಾ?

ನಾನು: ಅದನ್ಯಾಕೆ ತೆಗೀತೀಯ ಈಗ?

ಹೋದ ನವೆಂಬರಿನಲ್ಲಿ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪ್ರಕೃತಿ ನಾಲ್ಕು ಸಾಲಿನ ಪದ್ಯ ಹೇಳಬೇಕಿತ್ತು. ಎರಡು ನಿಮಿಷ ಮೈಕ್ ಹಿಡಿದು ನಿಂತಳು. ಬಾಯಿ ಬಿಡಲಿಲ್ಲ. ಆಮೇಲೆ ಮೈಕನ್ನು ನಿರೂಪಕರ ಕೈಗೆ ಮರ್ಯಾದೆಯಿಂದ ವಾಪಸ್ ಕೊಟ್ಟು ಇಳಿದು ಬಂದಳು. ಶಾಲೆಯಲ್ಲೂ ಹಾಗೇ. ಎರಡು ವರ್ಷದ ರಿಪೋರ್ಟುಗಳಲ್ಲೂ ‘ತುಂಬಾ ಮೌನಿ’ ಎಂದೇ ಬರೆದಿದ್ದಾರೆ. ಅಂಥವಳು ಹತ್ತು ದಿನದ ಹಿಂದೆ, ಹಾರೋ ಮನುಷ್ಯ ಯಾರಾಗ್ತೀರಿ ಅಂತ ಮಿಸ್ ಕೇಳಿದಾಗ ಕೈ ಎತ್ತಿದ್ದಾಳೆ. ಆ ದಿನ ನಾನು ಪಾಯಸ ಮಾಡಿದ್ದೆ. ಟೇಬಲ್ ವಿಷಯ ಗೊತ್ತಾದದ್ದು ಮಾರನೇ ದಿನ.

ಸಂಕೇತ್: ಯಾಕೆ ಕೈ ಎತ್ತಿದ್ಲು ಹೇಳು. ಆ ಪಾರ್ಟಲ್ಲಿ ಒಂದೇ ಒಂದು ಮಾತಿಲ್ಲ. ಇಡೀ ಕ್ಲಾಸಲ್ಲಿ ಅವಳಿಗೇ ಅಂತ ಮಾಡಿಸಿದಂಗಿದೆ. ಈಗ ನಾವು ಬೇಡ ಅಂದ್ರೆ ಆ ಕೈ ಇನ್ನು ಹೈಸ್ಕೂಲ್ ಮುಗಿಯೋವರೆಗೂ ಮೇಲೆ ಹೋಗಲ್ಲ.

ನಾನು: ಅದು ನನಗೆ ಗೊತ್ತಿಲ್ವಾ? ಅದಕ್ಕೇ ತಾನೇ ಪೂರ್ತಿ ಬೇಡ ಅಂತಿಲ್ಲ. ಹಾರೋವರೆಗೂ ಅವಳೇ ಮಾಡ್ಲಿ. ಬೀಳೋಕೆ ಬೇರೆ ಮಗೂನ ಇಟ್ಕೊಳ್ಲಿ.

ಸಂಕೇತ್: ಬೀಳೋಕೆ ಬೇರೆ ಮಗು. ಆ ಮಗೂಗೆ ಅಮ್ಮ ಇರಲ್ವಾ?

ನಾನು: ಇರ್ತಾಳೆ. ಮಕ್ಕಳನ್ನ ಬರಿಗಾಲಲ್ಲಿ ಸೂಪರ್‌ಮಾರ್ಕೆಟ್ಟಿಗೆ ಕರ್ಕೊಂಡು ಬರೋ ಧೈರ್ಯಸ್ಥೆಯರು ಇಲ್ಲಿ ಬೇಕಾದಷ್ಟು ಜನ ಇದಾರೆ. ಅವರಲ್ಲಿ ಯಾರನ್ನಾದ್ರೂ ಕೇಳ್ಲಿ.

ಸಂಕೇತ್: ಸರಿ, ಇನ್ನೊಂದ್ಸಲ ನೋಡೋಣ. ಅವನು ಯಾಕೆ ಬೀಳ್ತಾನೆ ಅಂತ ಗೊತ್ತಾದ್ರೆ ನಿನ್ನ ಭಯ ಹೋಗತ್ತೆ. ನಮ್ಮ ಮೈನ್ಸಲ್ಲಿ ಯಾವ ಆಕ್ಸಿಡೆಂಟ್ ಆದ್ರೂ ಮೊದ್ಲು ಮೂಲ ಕಾರಣ ಹುಡುಕ್ತೀವಿ.

ಐದನೇ ಸಲ ಫಿಲ್ಮ್ ಓಡಿತು. ಅವನು ಬಿದ್ದ ಮೇಲೆ ಸಂಕೇತ್ ಮತ್ತೆ ಹಿಂದಕ್ಕೆ ಸರಿಸಿದ. ಟೋಪಿಯವನು ಪೆಡಲ್ ತುಳಿಯುತ್ತಾನೆ. ಕೆಳಗೆ ಅವನ ಹೆಂಡತಿ ದಡದಡ ಹೊರಗೆ ಬರುತ್ತಾಳೆ, ಎರಡು ಕೈ ಎತ್ತಿ ಏನೋ ಹೇಳುತ್ತಾಳೆ, ಏಣಿ ಎತ್ತಿಕೊಂಡು ಹೊರಟುಹೋಗುತ್ತಾಳೆ.

ಸಂಕೇತ್: ಸ್ಟಾಪ್. ಇಲ್ಲೇ. ಏಣಿ ತೊಗೊಂಡು ಹೋದ್ಲು. ಅವನಿಗೆ ಇಳಿಯೋಕೆ ದಾರಿನೇ ಇಲ್ಲ. ಹಾರಲೇಬೇಕು. ಮೂಲ ಕಾರಣ, ಹೆಂಡತಿ.

ನಾನು: ಒಣಗೋಕೆ ಹಾಕಿದ್ದ ಅವಳ ಬೆಡ್‌ಶೀಟ್ ಕದ್ದು ರೆಕ್ಕೆ ಮಾಡಿದ್ದು ಯಾರು? ಬಟ್ಟೆ ಹಗ್ಗಾನೂ ಬಿಚ್ಕೊಂಡು ಹೋಗಿದಾನೆ. ಹೊಸ ಹಗ್ಗ ಕಟ್ಟೋಕೆ ಅವಳಿಗೆ ಏಣಿ ಬೇಡ್ವಾ?

ಸಂಕೇತ್: ಮೇಲೆ ಮನುಷ್ಯ ಇದಾನೆ ಅಂದ್ರೆ ಕೇಳಿ ತೊಗೋಬೇಕು.

ನಾನು: ಮೂಕಿ ಚಿತ್ರದಲ್ಲಿ ಏನಂತ ಕೇಳ್ತಾಳೆ?

ಸಂಕೇತ್: ಸನ್ನೆ ಮಾಡ್ಬಹುದಿತ್ತು.

ನಾನು: ಮಾಡಿದ್ಲಲ್ಲ, ಎರಡು ಕೈ ಎತ್ತಿ ಬೈದ್ಲು.

ಸಂಕೇತ್: ಬೈಗುಳ ಅಲ್ಲ ಅದು. ಊಟಕ್ಕೆ ಬಾ ಅಂತ ಕರೀತಿದಾಳೆ.

ನಾನು: ಊಟಕ್ಕೆ ಕರೆಯೋಳು ಹಾಗೆ ಹಲ್ಲು ಕಡೀತಾಳಾ?

ಸಂಕೇತ್: ನನಗೆ ಗೊತ್ತಿರೋ ಹೆಂಡತಿ ಒಬ್ಳೇ. ಅವಳು ಹಾಗೇ ಕರೆಯೋದು.

ನಾನು: ಮೂರು ವಾರಕ್ಕೊಂದ್ಸಲ ಹಾರಿ ಹೋಗೋ ಗಂಡ ಸಿಕ್ಕಿದ್ರೆ ಹಲ್ಲು ತಾನಾಗೇ ಕಡಿಯತ್ತೆ.

ಸಂಕೇತ್: ನಾನು ಕಂಪನಿ ವಿಮಾನದಲ್ಲಿ ಹಾರ್ತೀನಿ. ನಿನ್ನ ಬೆಡ್‌ಶೀಟ್ ಮುಟ್ಟಿಲ್ಲ.

ನಾನು: ಬರ್ತಾ ಕೆಂಪು ಧೂಳು ತುಂಬಿದ ಒಂದು ಮೂಟೆ ಬಟ್ಟೆ ತರ್ತೀಯಲ್ಲ. ಅವಳ ಗಂಡ ಬಟ್ಟೆ ಒಯ್ತಾನೆ, ನನ್ನ ಗಂಡ ಬಟ್ಟೆ ತರ್ತಾನೆ. ಒಗೆಯೋಳು ಮಾತ್ರ ಎರಡು ಕಡೇನೂ ಹೆಂಡತಿನೇ.

ಅವನು ಎದ್ದು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದ. ಮುಖದ ಮೇಲೆ ಒಂಥರಾ ಬೆಳಕು. ಆಫೀಸಿನ ಕೆಲಸ ಮನೆಗೆ ಉಪಯೋಗಕ್ಕೆ ಬರುತ್ತದೆ ಅನ್ನಿಸಿದಾಗ ಅವನಿಗೆ ಆ ಬೆಳಕು ಬರುತ್ತದೆ. ಹೋದ ಸಲ ಬಂದಾಗ ನಮ್ಮ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಬಿದ್ದಿತ್ತು.

ಸಂಕೇತ್: ನೀನು ಹೆದರ್ತೀಯ, ನಾನು ಹೆದರಬೇಡ ಅಂತೀನಿ. ಇಬ್ಬರದ್ದೂ ಬರೀ ಬಾಯಿಮಾತು. ಲೆಕ್ಕಾಚಾರದ ಪ್ರಕಾರ ಹೋಗೋಣ. ಇದು ನಮ್ಮ ಅಪಾಯದ ಹಾಳೆ. ಮೈನ್ಸಲ್ಲಿ ಒಂದು ಬಲ್ಬ್ ಬದಲಾಯಿಸ್ಬೇಕಾದ್ರೂ ಇದನ್ನ ತುಂಬಿಸ್ಬೇಕು. ಏನಾಗಬಹುದು, ಆಗೋ ಸಾಧ್ಯತೆ ಎಷ್ಟು, ಆದ್ರೆ ಎಷ್ಟು ಪೆಟ್ಟು. ಎಲ್ಲಾ ಹಾಕಿದ್ರೆ ಅದೇ ಬಣ್ಣ ತೋರಿಸತ್ತೆ. ಹಸಿರು ಬಂದ್ರೆ ಕೆಲಸ ಶುರು, ಕೆಂಪು ಬಂದ್ರೆ ನಿಲ್ಲಿಸು.

ನಾನು: ಹಸಿರು ಬಂದ್ರೆ?

ಸಂಕೇತ್: ಮಾತಿಲ್ದೆ ಸೈನ್ ಮಾಡ್ತೀಯ.

ನಾನು: ಕೆಂಪು ಬಂದ್ರೆ?

ಸಂಕೇತ್: ಬರಲ್ಲ. ಆರು ವರ್ಷದ ಮಕ್ಕಳ ನಾಟಕಕ್ಕೆ ಕೆಂಪು ಬರಲ್ಲ. ಮೊದಲನೇದು. ಅಪಾಯ: ಟೇಬಲ್ಲಿಂದ ಬೀಳೋದು. ಸಾಧ್ಯತೆ: ತೀರಾ ಅಪರೂಪ.

ನಾನು: ಖಂಡಿತ ಅಂತ ಹಾಕು.

ಸಂಕೇತ್: ಖಂಡಿತ ಹೇಗಾಗತ್ತೆ? ನೀನು ಹೆದರ್ಕೊಂಡು ಹೇಳ್ಬೇಡ, ಯೋಚನೆ ಮಾಡಿ ಹೇಳು.

ನಾನು: ಯೋಚನೆ ಮಾಡೇ ಹೇಳ್ತಿದೀನಿ. ಬೀಳೋದೇ ಅವಳ ಪಾರ್ಟು. ಬೀಳದಿದ್ರೆ ನಾಟಕಾನೇ ಇಲ್ಲ ಅಂತ ಈಗ ತಾನೇ ನೀನೇ ಅಂದೆ.

ಅವನ ಬೆರಳು ಕೀಲಿಯ ಮೇಲೆ ನಿಂತಿತು. ಒಂದು ಸಲ ನನ್ನನ್ನು ನೋಡಿದ, ಒಂದು ಸಲ ಟಿವಿಯ ಟೋಪಿಯವನನ್ನು ನೋಡಿದ.

ಸಂಕೇತ್: ಹನ್ನೆರಡು ವರ್ಷದ ಸರ್ವಿಸಲ್ಲಿ ಬೀಳೋದನ್ನೇ ಕೆಲಸ ಅಂತ ಯಾರೂ ತಂದಿರ್ಲಿಲ್ಲ.

ನಾನು: ಹಾಕು.

ಹಾಕಿದ. ಆ ಸಾಲು ಕುಂಕುಮದ ಬಣ್ಣಕ್ಕೆ ತಿರುಗಿತು.

ಸಂಕೇತ್: ಇರ್ಲಿ. ಒಂದೇ ತಾನೇ. ಎರಡನೇದು, ಫ್ಯಾನು. ಅವಳ ಜಡೆ ಎಷ್ಟುದ್ದ?

ನಾನು: ನಿನ್ನ ಮಗಳ ಜಡೆ ನಿನಗೆ ಗೊತ್ತಿಲ್ವಾ?

ಸಂಕೇತ್: ಸೆಂಟಿಮೀಟರಲ್ಲಿ ಕೇಳಿದೆ. ಸರಿ, ಇದೂ ಕೆಂಪು. ಮೂರನೇದು, ರಟ್ಟಿನ ರೆಕ್ಕೆ. ಪಕ್ಕದಲ್ಲಿ ಪೊಲೀಸ್ ವೇಷದ ಹುಡುಗ ನಿಂತಿರ್ತಾನೆ, ಅವನ ಕಣ್ಣಿನ ಮಟ್ಟ... ಕೆಂಪು. ನಾಲ್ಕನೇದು, ಛತ್ರಿ. ಛತ್ರಿ ನಿಜವಾದ್ದಾ?

ನಾನು: ನಿಜವಾದ್ದೇ. ಮನೆಯಿಂದ ತರೋಕೆ ಹೇಳಿದಾರೆ.

ಸಂಕೇತ್: ಕಡ್ಡಿ ಎಲ್ಲಾ ಚೂಪು. ಮತ್ತೆ ಈ ಕೊಳದಲ್ಲಿ ಬಾತುಕೋಳಿಗಳು ಇವೆಯಲ್ಲ, ಅವು ಯಾರು?

ನಾನು: ನಾಲ್ಕು ಮಕ್ಕಳು. ನಮಿತಾ ಮಗಳು ಶರಣ್ಯಾನೂ ಒಂದು. ಇವಳು ಬೀಳೋ ಹೊತ್ತಿಗೆ ಕ್ವಾಕ್ ಕ್ವಾಕ್ ಅಂತ ಚದುರಿ ಓಡ್ಬೇಕು.

ಸಂಕೇತ್: ಬೀಳೋ ಹೊತ್ತಿಗೆ ಅಂದ್ರೆ? ಅಲ್ಲೀವರೆಗೂ ಕೆಳಗೇ ಇರ್ತಾರಾ?

ನಾನು: ಈಜ್ತಾ ಇರ್ತಾರೆ.

ಸಂಕೇತ್: ಮಾಲು, ಮೇಲೆ ಭಾರ ತೂಗ್ತಿರುವಾಗ ಕೆಳಗೆ ಜನ ಇರ್ಬಾರ್ದು. ಇದು ನಮ್ಮಲ್ಲಿ ಮೊಟ್ಟಮೊದಲ ನಿಯಮ. ಇದನ್ನ ಮುರಿದ್ರೆ ಅವತ್ತೇ ಮನೆಗೆ ಕಳಿಸ್ತಾರೆ.

ನಾನು: ಅವು ಜನ ಅಲ್ವಲ್ಲ, ಬಾತುಕೋಳಿ.

ಸಂಕೇತ್: ಬಾತುಕೋಳಿ ವೇಷದಲ್ಲಿರೋ ಜನ. ಹೋಗ್ಲಿ, ಆ ಟೇಬಲ್ ಎಷ್ಟು ಕೆ.ಜಿ. ತಡೆಯತ್ತೆ? ಯಾರಾದ್ರೂ ಚೆಕ್ ಮಾಡಿದಾರಾ? ಮಿಸ್‌ಗೆ ಎತ್ತರದಲ್ಲಿ ಕೆಲಸ ಮಾಡಿಸೋ ಟ್ರೇನಿಂಗ್ ಆಗಿದ್ಯಾ?

ನಾನು: ಇಪ್ಪತ್ತನಾಲ್ಕು ಮಕ್ಕಳನ್ನ ಇಡೀ ದಿನ ನೋಡ್ಕೋತಾಳೆ. ಅವಳಿಗೆ ಆಗದ ಟ್ರೇನಿಂಗ್ ಯಾವುದೂ ಉಳಿದಿಲ್ಲ.

ಸಂಕೇತ್: ಸರ್ಟಿಫಿಕೇಟ್ ಇದ್ಯಾ ಅಂತ ಕೇಳ್ದೆ.

ಹತ್ತು ಸಾಲು ತುಂಬಿದಾಗ ಎಂಟು ಕೆಂಪಾಗಿದ್ದವು. ಒಂದು ಹಳದಿ. ಒಂದೇ ಒಂದು ಹಸಿರು: ಮೀಸೆ ಅಂಟಿಸುವ ಗೋಂದು. ಸಂಕೇತ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಮಧ್ಯಾಹ್ನದಿಂದ ನನ್ನನ್ನು ಸಮಾಧಾನ ಮಾಡುತ್ತಿದ್ದ ಮನುಷ್ಯ ಎಲ್ಲೋ ಹೋಗಿಬಿಟ್ಟಿದ್ದ. ಆ ಜಾಗದಲ್ಲಿ ಗಣಿಯ ಕಿತ್ತಲೆ ಬಣ್ಣದ ಅಂಗಿಯ, ಬೂಟಿನ ಎಂಜಿನಿಯರ್ ಕೂತಿದ್ದ.

ಸಂಕೇತ್: ಆಗಲ್ಲ ಮಾಲು. ಇದಕ್ಕೆ ನಾನು ಸೈನ್ ಮಾಡಲ್ಲ. ಗಣಿಯಲ್ಲಿ ಯಾರಾದ್ರೂ ಈ ಹಾಳೆ ತಂದಿದ್ರೆ ಕೆಲಸ ನಿಲ್ಲಿಸಿ ಗೇಟ್ ಹಾಕಿಸ್ತಿದ್ದೆ.

ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾನು ಬೇಡ ಅನ್ನುವುದು, ಅವನು ಪರವಾಗಿಲ್ಲ ಬಿಡು ಅನ್ನುವುದು, ಇದು ನಮ್ಮ ಮನೆ ನಡೆಯುವ ರೀತಿ. ಅವನ ಧೈರ್ಯದ ಮೇಲೆ ಭಾರ ಹಾಕಿಯೇ ನಾನು ನಿಶ್ಚಿಂತೆಯಿಂದ ಹೆದರುತ್ತಿದ್ದೆ. ಈಗ ಅವನೂ ಬೇಡ ಅಂದರೆ ಆ ಮಗುವಿಗೆ ಹೂಂ ಅನ್ನುವವರು ಯಾರು?

ಅಷ್ಟರಲ್ಲಿ ಫೋನ್ ಬಂತು. ಎದುರು ಮನೆಯ ನಮಿತಾ. ಸ್ಪೀಕರಿಗೆ ಹಾಕಿದೆ. ಪಕ್ಕದಲ್ಲಿ ಸಂಕೇತ್ ‘ಹಿಂದೆ ಇಂಥ ಘಟನೆ ನಡೆದಿದೆಯೇ’ ಎಂಬ ಕಾಲಂ ತುಂಬುತ್ತ, ಅದಕ್ಕೆ ಈ ಫಿಲ್ಮನ್ನೇ ಉದಾಹರಣೆ ಕೊಟ್ಟು, ಜೋರಾಗಿ ಓದಿಕೊಳ್ಳುತ್ತಿದ್ದ.

ನಮಿತಾ: ಮಾಲವಿಕಾ, ಮಕ್ಕಳು ಆಟ ಆಡ್ತಿದಾರೆ, ಇನ್ನರ್ಧ ಗಂಟೆ ಬಿಟ್ಟು ಕಳಿಸ್ಲಾ?

ಸಂಕೇತ್: ಚಾವಣಿಯಿಂದ ಬಿದ್ದ. ಎತ್ತರ ಸುಮಾರು ನಾಲ್ಕು ಮೀಟರ್. ಏಣಿ ತೆಗೆದದ್ದು ಹೆಂಡತಿ.

ನಮಿತಾ: ಏನದು? ಯಾರು ಬಿದ್ರು?

ನಾನು: ಅದಾ, ಅವನೇ, ಚಾವಣಿಯಿಂದ ಬಿದ್ದ.

ನಮಿತಾ: ದೇವರೇ. ಯಾವಾಗ?

ನಾನು: ಈಗ ತಾನೇ. ಐದನೇ ಸಲ.

ನಮಿತಾ: ಐದನೇ ಸಲಾನಾ? ಮತ್ತೆ ಏಣಿ... ಏಣಿ ಯಾಕಮ್ಮ ತೆಗೆದದ್ದು?

ನಾನು: ತೆಗೀದೆ ಇನ್ನೇನ್ಮಾಡ್ತಾಳೆ ಹೇಳಿ. ಒಗೆದು ಹಾಕಿದ್ದ ಬೆಡ್‌ಶೀಟೆಲ್ಲಾ ಹೊತ್ಕೊಂಡು ಹತ್ತಿದ್ದ.

ನಮಿತಾ: ಆಂಬುಲೆನ್ಸಿಗೆ ಮಾಡಿದ್ರಾ? ಇರಿ, ನಮ್ಮೆಜಮಾನ್ರನ್ನ ಕಳಿಸ್ತೀನಿ. ಪಂಚಾಕ್ಷರಿ, ಬೇಗ ಬನ್ನಿ ಇಲ್ಲಿ.

ಸಂಕೇತ್: ನಮಿತಾ, ಏನಿಲ್ಲ, ನಾನು ಚೆನ್ನಾಗಿದೀನಿ.

ನಮಿತಾ: ಸಂಕೇತ್, ನೀವು ಮಾತಾಡ್ಬೇಡಿ. ಕತ್ತು ಅಲ್ಲಾಡಿಸ್ಬೇಡಿ. ಹಾಗೇ ಮಲಗಿರಿ.

ಫಿಲ್ಮು, ನಾಟಕ, ಪತ್ರ ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಪಂಚಾಕ್ಷರಿ ಚಪ್ಪಲಿ ಮೆಟ್ಟಿ ಅರ್ಧ ರಸ್ತೆ ದಾಟಿದ್ದರು. ಕಿಟಕಿಯಿಂದ ಸಂಕೇತ್ ಎದ್ದು ನಿಂತು ಎರಡೂ ಕೈ ಬೀಸಿ ತೋರಿಸಿದ ಮೇಲೆ ವಾಪಸ್ ಹೋದರು.

ನಮಿತಾ: ಓ, ಆ ಫಾರ್ಮಾ. ನಾನು ಬುಧವಾರಾನೇ ಸೈನ್ ಮಾಡಿ ಕಳಿಸ್ಬಿಟ್ಟೆ. ಓದೋಕೂ ಹೋಗ್ಲಿಲ್ಲ.

ನಾನು: ಓದ್ಲೇ ಇಲ್ವಾ?

ನಮಿತಾ: ಬಾತುಕೋಳಿಗೇನಿದೆ ಓದೋಕೆ. ಅಲ್ಲ, ನಿಮಗೆ ಅಷ್ಟು ಕಷ್ಟ ಆದ್ರೆ ಹೇಳಿ ಮಾಲವಿಕಾ, ಸಂಕೋಚ ಬೇಡ. ಶರಣ್ಯಾ ಆ ಪಾರ್ಟೂ ನೋಡ್ಕೊಂಡಿದಾಳೆ. ಅವಳಿಗೆ ಬೀಳೋದು ಏಳೋದು ಏನೂ ಲೆಕ್ಕಕ್ಕಿಲ್ಲ. ನಾನೇ ಮಿಸ್‌ಗೆ ಒಂದು ಮೆಸೇಜ್ ಹಾಕ್ತೀನಿ. ಪ್ರಕೃತಿ ಪಾಪ ನಾಚಿಕೆ ಸ್ವಭಾವ. ಬಾತುಕೋಳಿ ಆದ್ರೆ ಅವಳಿಗೂ ಆರಾಮು, ಗುಂಪಲ್ಲಿ ಯಾರಿಗೂ ಕಾಣ್ಸೋದಿಲ್ಲ.

ನಾನು: ಇಲ್ಲ ಇಲ್ಲ. ನಾವೂ ಸೈನ್ ಮಾಡಾಯ್ತು.

ನಮಿತಾ: ಮಾಡಾಯ್ತಾ? ಈಗ ತಾನೇ...

ನಾನು: ಈಗ ತಾನೇ ಮಾಡಿದ್ದು. ಇಂಕು ಇನ್ನೂ ಒಣಗಿಲ್ಲ. ಐದಕ್ಕೆ ಕಳಿಸಿ ಅವಳನ್ನ.

ಫೋನ್ ಇಟ್ಟೆ. ಸಂಕೇತ್ ಕೆಂಪು ಹಾಳೆಯ ಮೇಲಿಂದ ತಲೆಯೆತ್ತಿದ.

ಸಂಕೇತ್: ಸೈನ್ ಯಾವಾಗ ಆಯ್ತು?

ನಾನು: ಈಗ ಆಗತ್ತೆ. ಪೆನ್ ಕೊಡು.

ಸಂಕೇತ್: ಪೆನ್ ಮುಟ್ಬೇಡ. ಎಂಟು ಕೆಂಪಿದೆ.

ನಾನು: ಯಾರಿಗೂ ಕಾಣ್ಸೋದಿಲ್ವಂತೆ. ನನ್ನ ಮಗಳು. ಬಾತುಕೋಳಿ ಗುಂಪಲ್ಲಿ.

ಸಂಕೇತ್: ಕಾಣಿಸ್ದೇ ಇರೋದೇ ಒಳ್ಳೇದು. ನಮ್ಮ ಭಾಷೇಲಿ ಅದಕ್ಕೆ ಅಪಾಯದಿಂದ ದೂರ ಇರೋದು ಅಂತೀವಿ.

ನಾನು: ಅರವತ್ತು ಸೆಂಟಿಮೀಟರ್ ಸಂಕೇತ್. ಸೋಫಾ ತೋಳಿಗಿಂತ ಗಿಡ್ಡ.

ಸಂಕೇತ್: ಅವಳಿಗೆ ಅದು ಸೊಂಟದೆತ್ತರ. ನಿನ್ನ ಸೊಂಟದೆತ್ತರದಿಂದ ನೀನು ಧುಮುಕ್ತೀಯಾ?

ನಾನು: ದಿನಾ ಧುಮುಕ್ತಾಳೆ ಅಂದ್ಯಲ್ಲ.

ಸಂಕೇತ್: ಅದಕ್ಕೆ ನಾನು ಪರ್ಮಿಟ್ ಕೊಟ್ಟಿರ್ಲಿಲ್ಲ.

ನಾನು: ಒನ್ ಟೂ ತ್ರೀ ಹೇಳಿದ್ದು ಯಾರು, ಪಂಚಾಕ್ಷರಿನಾ?

ಸಂಕೇತ್: ತಪ್ಪು. ಒಪ್ಕೊಂಡೆ. ಅದನ್ನೂ ಬರೀತೀನಿ ಬೇಕಾದ್ರೆ.

ನಾನು: ಹೈಸ್ಕೂಲ್ ಮುಗಿಯೋವರೆಗೂ ಕೈ ಎತ್ತಲ್ಲ ಅಂದಿದ್ದು ಯಾರು?

ಸಂಕೇತ್: ಎತ್ತಬೇಕಾದ್ರೆ ಕೈ ನೆಟ್ಟಗಿರ್ಬೇಕಲ್ಲ ಮಾಲು.

ಒಂದೂವರೆ ಗಂಟೆಯಲ್ಲಿ ನಾವಿಬ್ಬರೂ ಜಾಗ ಅದಲುಬದಲು ಮಾಡಿಕೊಂಡಿದ್ದೆವು. ನಾನು ಅವನ ಮಾತು ಆಡುತ್ತಿದ್ದೆ, ಅವನು ನನ್ನದು. ಜಗಳ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಕಾಫಿ ಮಾಡಿದೆ. ಕಾಫಿ ಮುಗಿಯುವಷ್ಟರಲ್ಲಿ ಒಪ್ಪಂದವಾಯಿತು. ಹತ್ತೂ ಅಪಾಯಗಳನ್ನು ಹತ್ತು ಷರತ್ತುಗಳಾಗಿ, ಪ್ರತಿಯೊಂದಕ್ಕೂ ಒಂದು ‘ದಯವಿಟ್ಟು’ ಸೇರಿಸಿ, ಪತ್ರದ ಹಿಂಬದಿಯಲ್ಲಿ ಬರೆಯುವುದು. ಫ್ಯಾನ್ ದಯವಿಟ್ಟು ದೂರ. ಛತ್ರಿ ದಯವಿಟ್ಟು ಮಡಿಸಿ. ಬಾತುಕೋಳಿಗಳು ದಯವಿಟ್ಟು ದಡದ ಮೇಲೆ. ಕೊನೆಗೆ ಹನ್ನೊಂದನೆಯದು, ನಾವಿಬ್ಬರೂ ಒಂದೇ ಮನಸ್ಸಿನಿಂದ ಒಪ್ಪಿದ್ದು ಅದೊಂದೇ: ಬೀಳುವ ದೃಶ್ಯವನ್ನು ದಯವಿಟ್ಟು ಕೈಬಿಡಿ, ಪ್ರಕೃತಿ ಹಾರಿದ ಮೇಲೆ ಮೆಟ್ಟಿಲಿನಿಂದ ನಿಧಾನವಾಗಿ ಇಳಿದು ಬರಲಿ.

ಸಂಕೇತ್: ಮೆಟ್ಟಿಲಿಗೆ ಹಿಡಿಕೆ?

ನಾನು: ಬರ್ದಿದೀನಿ.

ಇಬ್ಬರೂ ಸಹಿ ಮಾಡಿದೆವು. ಮದುವೆ ರಿಜಿಸ್ಟರ್ ಆದಮೇಲೆ ಇಷ್ಟು ಗಂಭೀರವಾಗಿ ಜೊತೆಗೆ ಸಹಿ ಮಾಡಿದ್ದು ಇದೇ ಮೊದಲಿರಬೇಕು. ಅಷ್ಟರಲ್ಲಿ ಬಾಗಿಲು ತೆರೆದು ಪ್ರಕೃತಿ ಬಂದಳು. ಟಿವಿಯಲ್ಲಿ ನಿಂತಿದ್ದ ಟೋಪಿಯವನನ್ನು ನೋಡಿದಳು.

ಪ್ರಕೃತಿ: ದಟ್ಸ್ ಮೀ.

ನಾನು: ಹೂಂ ಪುಟ್ಟಿ, ನೀನೇ. ಅಪ್ಪ ಅಮ್ಮ ಸೈನ್ ಮಾಡಿದೀವಿ. ನೀನು ಹಾರ್ಬಹುದು.

ಪ್ರಕೃತಿ: ಯೇ.

ಸಂಕೇತ್: ಆದ್ರೆ ಬೀಳೋದಿಲ್ಲ. ಹಾರಿ, ಹಿಡಿಕೆ ಹಿಡ್ಕೊಂಡು, ಮೆಲ್ಲಗೆ ಇಳಿದು ಬರೋದು.

ಪ್ರಕೃತಿ: ಬಟ್ ಅಪ್ಪಾ, ಫಾಲಿಂಗ್ ಈಸ್ ದ ಬೆಸ್ಟ್ ಬಿಟ್.

ನಾನು: ಅದು ನಿನಗೆ ಹೇಗೆ ಗೊತ್ತು? ಇನ್ನೂ ಪ್ರಾಕ್ಟೀಸೇ ಶುರು ಆಗಿಲ್ಲ.

ಪ್ರಕೃತಿ: ವಿ ಪ್ರಾಕ್ಟೀಸ್ ಎವ್ರಿ ಡೇ. ಆಫ್ಟರ್ ಲಂಚ್.

ನಾನು: ಟೇಬಲ್ ಮೇಲಿಂದಾನಾ?

ಪ್ರಕೃತಿ: ಯಾ.

ನಾನು: ಬಿದ್ಯಾ?

ಅವಳು ಎರಡು ಕೈಯ ಬೆರಳು ಎಣಿಸಿದಳು. ಸಾಲಲಿಲ್ಲ. ಅಪ್ಪನ ಕೈ ಎಳೆದುಕೊಂಡು ಅದರಲ್ಲಿ ಎರಡು ಬೆರಳು ಸೇರಿಸಿದಳು.

ಪ್ರಕೃತಿ: ಟ್ವೆಲ್ವ್ ಟೈಮ್ಸ್.

ಸಂಕೇತ್ ಪತ್ರ ತೆಗೆದು ಸಣ್ಣ ಅಕ್ಷರದ ಕೊನೆಯ ಸಾಲು ಓದಿದ.

ಸಂಕೇತ್: ಈ ಒಪ್ಪಿಗೆ ಪ್ರದರ್ಶನದ ದಿನಕ್ಕೆ ಮಾತ್ರ. ಕ್ಲಾಸಿನ ಅಭ್ಯಾಸಕ್ಕೆ ಶಾಲೆ ಶುರುವಾದಾಗ ಫೆಬ್ರವರಿಯಲ್ಲಿ ಕೊಟ್ಟ ಒಪ್ಪಿಗೆನೇ ಸಾಕಂತೆ.

ನಾನು: ಫೆಬ್ರವರಿಯಲ್ಲಿ ಯಾರು ಕೊಟ್ಟಿದ್ದು?

ಸಂಕೇತ್: ನಾನು ಗಣಿಯಲ್ಲಿದ್ದೆ.

ನಾನು: ಅದು ಸನ್‌ಸ್ಕ್ರೀನ್ ಹಚ್ಚೋ ಫಾರ್ಮ್ ಅಲ್ವಾ?

ಸಂಕೇತ್: ಎರಡನೇ ಪುಟ ಇತ್ತು ಅನ್ಸತ್ತೆ.

ನಾನು: ಪುಟ್ಟಿ, ದಿನಾ ಕೇಳ್ತೀನಲ್ಲ, ಸ್ಕೂಲಲ್ಲಿ ಏನ್ಮಾಡಿದೆ ಅಂತ. ಇದನ್ಯಾಕೆ ಹೇಳ್ಲಿಲ್ಲ?

ಪ್ರಕೃತಿ: ಯು ವುಡ್ ಈಮೇಲ್ ಮಿಸ್.

ಸಂಕೇತ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು.

ನಾನು: ನೋವಾಗ್ಲಿಲ್ವಾ?

ಪ್ರಕೃತಿ: ನೋ. ಫಸ್ಟ್ ಟೈಮ್ ಇಟ್ ವಾಸ್ ಆನ್ ಆಕ್ಸಿಡೆಂಟ್. ಎವ್ರಿಒನ್ ಲಾಫ್ಡ್.

ಇಡೀ ಕ್ಲಾಸು ನಕ್ಕಿದೆ. ಇನ್ನು ಮುಗಿಯಿತು, ಇನ್ನು ಈ ಮಗು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಅಂದುಕೊಂಡೆ.

ನಾನು: ಎಲ್ಲಾರೂ ನಕ್ರಾ? ಆಮೇಲೆ ನೀನೇನ್ಮಾಡ್ದೆ?

ಪ್ರಕೃತಿ: ಐ ಡಿಡ್ ಇಟ್ ಅಗೇನ್.

ಹೇಳುವುದಕ್ಕಿಂತ ತೋರಿಸುವುದೇ ಸುಲಭ ಅನ್ನಿಸಿರಬೇಕು. ಕಾರ್ಪೆಟ್ಟಿನ ನಡುವೆ ಹೋಗಿ ನಿಂತಳು. ಇಲ್ಲದ ಟೋಪಿ ಸರಿಮಾಡಿಕೊಂಡಳು. ಇಲ್ಲದ ಮೀಸೆ ತಿರುವಿದಳು. ಹೆಮ್ಮೆಯಿಂದ ನಾಲ್ಕು ಪೆಡಲ್ ತುಳಿದಳು. ಆಮೇಲೆ ಮೆಲ್ಲಗೆ ಕೆಳಗೆ ನೋಡಿದಳು, ಏಣಿ ಇಲ್ಲ. ಬಲಕ್ಕೆ ಹುಡುಕಿದಳು, ಎಡಕ್ಕೆ ಹುಡುಕಿದಳು. ಉಗುಳು ನುಂಗಿದಳು. ಯಾರೂ ನೋಡುತ್ತಿಲ್ಲ ತಾನೇ ಎನ್ನುವ ಹಾಗೆ ನಮ್ಮ ಕಡೆ ಒಂದು ಸಲ ಮರ್ಯಾದಸ್ಥ ಗಂಡಸಿನ ನಗೆ ನಕ್ಕಳು. ಮರುಕ್ಷಣ ಎರಡೂ ಕಾಲು ಆಕಾಶಕ್ಕೆ ಹೋದವು.

ಬಿದ್ದ ಮೇಲೆ ಒಂದು ಬೆರಳೆತ್ತಿ, ಹಣೆಯ ಮೇಲೆ ಕೂತಿದ್ದ ಕಾಣದ ಬಾತುಕೋಳಿಯನ್ನು ಓಡಿಸಿದಳು.

ನಾನು ಕೂಗಬೇಕಿತ್ತು, ಓಡಿ ಹೋಗಿ ಎತ್ತಬೇಕಿತ್ತು. ಕಾಫಿ ಲೋಟ ಕೆಳಗಿಡಲೂ ಆಗದಷ್ಟು ನಗು ಬಂದುಬಿಟ್ಟಿತ್ತು. ಅವಳು ಮಲಗಿದಲ್ಲಿಂದಲೇ ಒಂದು ಕಣ್ಣು ತೆರೆದು ನಾನು ನಗುತ್ತಿದ್ದೇನಾ ಅಂತ ನೋಡಿಕೊಂಡಳು. ಸಮಾಧಾನವಾದ ಮೇಲೆ ಎದ್ದು ನೀರು ಕುಡಿಯಲು ಹೋದಳು.

ನಾನು ಪತ್ರ ತಿರುಗಿಸಿ ಹನ್ನೊಂದನೆಯದರ ಮೇಲೆ ಗೆರೆ ಎಳೆದೆ.

ಸಂಕೇತ್: ಉಳಿದ ಹತ್ತು?

ನಾನು: ಅವಿರ್ಲಿ. ಫ್ಯಾನಂತೂ ದೂರಾನೇ ಇರ್ಬೇಕು.

ಸಂಕೇತ್: ಸೈನ್ ಆದಮೇಲೆ ಹೊಡೆದು ಹಾಕಿದ್ರೆ ಪಕ್ಕದಲ್ಲಿ ಕಾರಣ ಬರೀಬೇಕು ಮಾಲು. ಅದು ರೂಲ್ಸು. ಕಾರಣ ಏನಂತ ಬರೀಲಿ?

ನಾನು: ಬರ್ಕೋ. ನಮ್ಮ ಹುಡುಗಿ ತುಂಬಾ ಚೆನ್ನಾಗಿ ಬೀಳ್ತಾಳೆ.